ಆಸ್ಪತ್ರೆಯ ಹಾಸಿಗೆಗೆ ವಿಮೆ, ಹೊಸ್ತಿಲ ಕೆಲಸಕ್ಕೆ ಪ್ರೋತ್ಸಾಹಧನ: ಓದುಗರ ಪ್ರಶ್ನೆಗಳಿಗೆ ಉತ್ತರ

ಸರ್ಕಾರಿ ಆರೋಗ್ಯ ವಿಮೆಯ ಬಗ್ಗೆ ದಾವಣಗೆರೆ ಜಿಲ್ಲೆಯ ಓದುಗರು ಬರೆದ ಪತ್ರಗಳಲ್ಲಿ ಹಲವು ಒಂದೇ ಸಂಗತಿಯನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ಆಶಾ ಕಾರ್ಯಕರ್ತೆಯರ ಕೆಲಸಕ್ಕೆ ಆಯುಷ್ಮಾನ್‌ನಂಥ ಯೋಜನೆಯ ಹಣವನ್ನು ಬಳಸಬಹುದೇ, ಬಳಸುವುದಾದರೆ ಯಾವ ರೀತಿಯಲ್ಲಿ ಎಂಬುದೇ ಆ ಸಂಗತಿ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ, ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮೂರಿನ ಮನೆ ಮನೆಗೂ ಹೋಗಿ ಆಯುಷ್ಮಾನ್ ಕಾರ್ಡ್ ಮಾಡಿಸಿಕೊಳ್ಳುವಂತೆ ಒಪ್ಪಿಸಿದವಳು ನಾನು. ಅವರಲ್ಲೊಬ್ಬರಿಗೆ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಹೃದಯದ ಚಿಕಿತ್ಸೆಯಾಯಿತು, ಖರ್ಚೆಲ್ಲ ಯೋಜನೆಯಿಂದಲೇ ಹೋಯಿತು. ಅವರಿಗೆ ಬಿಪಿ ಇದೆಯೆಂದು ಮೊದಲು ಗುರುತಿಸಿ, ಬೇಡವೆಂದವರನ್ನು ಒಪ್ಪಿಸಿ, ಪಿಎಚ್‌ಸಿಗೆ ಕರೆದುಕೊಂಡು ಹೋದದ್ದೂ ನಾನೇ. ಆ ಯೋಜನೆಯ ಹಣದಲ್ಲಿ ನನ್ನ ಕೆಲಸಕ್ಕೆ ಒಂದು ರೂಪಾಯಿಯೂ ಏಕಿಲ್ಲ?
(ಜಗಳೂರು ತಾಲ್ಲೂಕು)

ಉತ್ತರ: ನಿಮ್ಮ ಕೆಲಸ ಯೋಜನೆಯ ಕಣ್ಣಿಗೆ ಬೀಳುವುದೇ ಇಲ್ಲ, ಕಾರಣ ಅಷ್ಟೇ. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯು, ಅಂದರೆ ನೀವು ಕಾರ್ಡ್ ಮಾಡಿಸಿದ ಆಯುಷ್ಮಾನ್ ಯೋಜನೆಯು, ಅರ್ಹ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚವನ್ನು ಭರಿಸುತ್ತದೆ. ಅದೇ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ತಂದಿದ್ದ ಆರೋಗ್ಯ ಕರ್ನಾಟಕ ಯೋಜನೆಯೊಂದಿಗೆ ಅಕ್ಟೋಬರ್ ಕೊನೆಯಲ್ಲಿ ಅದು ಒಂದಾಯಿತು. ಬಿಪಿಎಲ್ ಕುಟುಂಬಗಳಿಗೆ ಪೂರ್ಣ ವೆಚ್ಚ, ಉಳಿದವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಎಂಬುದು ಆಗ ಮಾಡಿಕೊಂಡ ಏರ್ಪಾಡು. ನಮ್ಮ ರಾಜ್ಯದಲ್ಲಿ ನಡುವೆ ಯಾವ ವಿಮಾ ಕಂಪನಿಯೂ ಇಲ್ಲ. ಸರ್ಕಾರವೇ ಸ್ಥಾಪಿಸಿದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗಳಿಗೆ ನೇರವಾಗಿ ಹಣ ಪಾವತಿಸುತ್ತದೆ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಿ, ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ಬೇಕಾಗುತ್ತದೆ.

ಟ್ರಸ್ಟ್ ಹಣ ಕೊಡುವುದು ನೋಂದಾಯಿತ ಆಸ್ಪತ್ರೆಗೆ, ದಾಖಲಾದ ರೋಗಿಗೆ, ಮೊದಲೇ ಗೊತ್ತುಪಡಿಸಿದ ಪ್ಯಾಕೇಜ್ ದರದಲ್ಲಿ. ಕೇಂದ್ರದ ಯೋಜನೆಯ ಪ್ರಕಾರ ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ಖರ್ಚೂ ಅದರಲ್ಲೇ ಸೇರಿದೆ. ನೀವು ಆ ರೋಗಿಯ ಮನೆ ಬಾಗಿಲಲ್ಲಿ ಕುಳಿತು ಮಾತನಾಡಿದ ದಿನ ಈ ಲೆಕ್ಕದೊಳಗೆ ಬರುವುದಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡ್ ಪರಿಶೀಲಿಸಿ ರೋಗಿಗೆ ದಾರಿ ತೋರಿಸಲು ಯೋಜನೆಯ ವತಿಯಿಂದಲೇ ಆರೋಗ್ಯ ಮಿತ್ರರಿದ್ದಾರೆ ಎಂಬುದನ್ನು ಗಮನಿಸಿ. ಅಂದರೆ ಡಾಕ್ಟರೂ ನರ್ಸೂ ಅಲ್ಲದ ಸಹಾಯಕರೊಬ್ಬರು ಬೇಕೆಂಬುದನ್ನು ಯೋಜನೆ ಒಪ್ಪಿಕೊಂಡಿದೆ; ಆದರೆ ಅವರು ಆಸ್ಪತ್ರೆಯ ಬಾಗಿಲಿನಿಂದ ಒಳಗಿರಬೇಕು, ಅಷ್ಟೇ.

ನಿಮಗೆ ಬರುವ ಹಣದ ಮೂಲ ಬೇರೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಈಗಿನ ರಾಷ್ಟ್ರೀಯ ಆರೋಗ್ಯ ಅಭಿಯಾನ, ಅದನ್ನು ಕೊಡುತ್ತದೆ. ಅದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ತಿಂಗಳಿಗೆ 5,000 ರೂಪಾಯಿ ಗೌರವಧನವನ್ನು ಪ್ರತ್ಯೇಕವಾಗಿ ಕೊಡುತ್ತದೆ. ನಿತ್ಯದ ಕೆಲಸಗಳಿಗಾಗಿ ಕೇಂದ್ರ 2018ರಲ್ಲಿ ನಿಗದಿಪಡಿಸಿದ್ದ ಮಾಸಿಕ 2,000 ರೂಪಾಯಿಯನ್ನು 2025ರಲ್ಲಿ 3,500ಕ್ಕೆ ಏರಿಸಲಾಯಿತು. ಮಿಕ್ಕದ್ದೆಲ್ಲ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ನಿಮ್ಮ ರೋಗಿಯ ವಿಷಯವನ್ನೇ ತೆಗೆದುಕೊಳ್ಳಿ: 30 ವರ್ಷ ದಾಟಿದವರ ಬಿಪಿ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಸಾಧ್ಯತೆಯನ್ನು ಅಳೆಯುವ ಸಮೀಕ್ಷಾ ನಮೂನೆಯೊಂದನ್ನು ತುಂಬಿದರೆ 10 ರೂಪಾಯಿ, ಕಾಯಿಲೆ ಖಚಿತವಾದವರು ಔಷಧಿ ಬಿಡದಂತೆ ನೋಡಿಕೊಂಡರೆ ಆರು ತಿಂಗಳಿಗೆ ತಲಾ 50 ರೂಪಾಯಿ. ಹೃದಯದ ಚಿಕಿತ್ಸೆಗೆ ದೊಡ್ಡ ಮೊತ್ತ ತೆತ್ತ ಅದೇ ಸರ್ಕಾರ ಆ ಕಾಯಿಲೆಯನ್ನು ಮೊದಲು ಹಿಡಿದ ಕೆಲಸಕ್ಕೆ ಕಟ್ಟಿದ ಬೆಲೆ ಇದು. ವಿಚಿತ್ರವೆಂದರೆ, ಉಪಕೇಂದ್ರಗಳನ್ನು ಮೇಲ್ದರ್ಜೆಗೇರಿಸುವ ಕಾರ್ಯಕ್ರಮ (ಈಗಿನ ಆಯುಷ್ಮಾನ್ ಆರೋಗ್ಯ ಮಂದಿರ) ಮತ್ತು ಆಸ್ಪತ್ರೆ ವೆಚ್ಚದ ಯೋಜನೆ ಎರಡನ್ನೂ 2018ರಲ್ಲಿ ಆಯುಷ್ಮಾನ್ ಭಾರತ್ ಎಂಬ ಒಂದೇ ಹೆಸರಿನಡಿ ಘೋಷಿಸಲಾಯಿತು. ಹೆಸರು ಒಂದಾಯಿತೇ ಹೊರತು ಹಣದ ಚೀಲ ಎರಡಾಗಿಯೇ ಉಳಿಯಿತು. ಒಂದು ಚೀಲದಿಂದ ಖರ್ಚು ಮಾಡಿದರೆ ಇನ್ನೊಂದರಲ್ಲಿ ಎಷ್ಟು ಉಳಿಯುತ್ತದೆಂದು ನೋಡುವ ಹೊಣೆ ಯಾರ ಮೇಲೂ ಇಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗಳು ಹೇಳುವ ಪ್ರಕಾರ ಅಲ್ಲಿ ಬಡವರ ಸರ್ಕಾರಿ ವಿಮೆಯೇ ಸಮುದಾಯ ಆರೋಗ್ಯ ಕಾರ್ಯಕರ್ತರ ಕೆಲಸಕ್ಕೆ ಹಣ ಕೊಡುತ್ತದೆಯಂತೆ. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು?
(ವಿದ್ಯಾನಗರ, ದಾವಣಗೆರೆ)

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ, ಆದರೆ ಅದು ಎಲ್ಲ ರಾಜ್ಯಗಳಿಗೂ ಒಂದೇ ರೀತಿಯಲ್ಲಿ ಅನ್ವಯಿಸುವುದಿಲ್ಲ. ಅಲ್ಲಿ ಬಡವರಿಗಾಗಿ ಇರುವ ವಿಮೆಯ ಹೆಸರು ಮೆಡಿಕೇಡ್. 1965ರಲ್ಲಿ, ವೃದ್ಧರ ವಿಮೆಯಾದ ಮೆಡಿಕೇರ್‌ನ ಜೊತೆಗೇ, ಅದು ಕಾನೂನಾಯಿತು. ಕೇಂದ್ರ ಸರ್ಕಾರವೂ ರಾಜ್ಯಗಳೂ ಕೂಡಿ ಅದರ ವೆಚ್ಚ ಹೊರುತ್ತವೆ, ಸಾಮಾನ್ಯ ವೆಚ್ಚದಲ್ಲಿ ಕನಿಷ್ಠ ಅರ್ಧದಷ್ಟನ್ನು ಕೇಂದ್ರವೇ ತುಂಬಿಕೊಡುತ್ತದೆ. ನಮ್ಮ ಯೋಜನೆಗೂ ಅದಕ್ಕೂ ಮುಖ್ಯ ವ್ಯತ್ಯಾಸವೆಂದರೆ ಮೆಡಿಕೇಡ್ ಆಸ್ಪತ್ರೆಯ ಹಾಸಿಗೆಗಷ್ಟೇ ಸೀಮಿತವಲ್ಲ. ಹೊರರೋಗಿ ಚಿಕಿತ್ಸೆ, ರೋಗ ತಡೆಯುವ ಸೇವೆ, ಸಲಹೆ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಹೀಗಾಗಿ ಮನೆಗೆ ಹೋಗಿ ಮಾಡುವ ಕೆಲಸವನ್ನು ಅದರೊಳಗೆ ಸೇರಿಸಲು ಬಾಗಿಲು ತೆರೆದೇ ಇತ್ತು.

ಮಿನ್ನೆಸೋಟ ರಾಜ್ಯ 2007ರಲ್ಲಿ ಇದಕ್ಕೆ ಕಾನೂನು ಮಾಡಿ ಮುಂದೆ ಹೋಯಿತು. ಆದರೂ ಬಹುಕಾಲ ಉಳಿದ ತೊಡಕೊಂದಿತ್ತು: ರೋಗ ತಡೆಯುವ ಸೇವೆಯನ್ನು ವೈದ್ಯರೋ ಪರವಾನಗಿ ಪಡೆದ ಇತರ ಸಿಬ್ಬಂದಿಯೋ ತಾವೇ ಒದಗಿಸಿದ್ದರೆ ಮಾತ್ರ ಹಣ ಎಂಬ ನಿಯಮ. 2013ರಲ್ಲಿ ಅದನ್ನು ಬದಲಿಸಿ, ಅಂಥವರು ಶಿಫಾರಸು ಮಾಡಿದರೆ ಸಾಕು, ಸೇವೆಯನ್ನು ಬೇರೆಯವರು ಒದಗಿಸಬಹುದು ಎಂದು ಮಾಡಲಾಯಿತು. 2014ರ ಜನವರಿಯಿಂದ ಜಾರಿಗೆ ಬಂದ ಈ ಸಣ್ಣ ತಿದ್ದುಪಡಿಯಿಂದ ಒಂದೊಂದೇ ರಾಜ್ಯ ಈ ಕಡೆ ವಾಲಲು ದಾರಿಯಾಯಿತು. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈ 1ರಿಂದ ಇದು ವಿಮೆಯ ಸೌಲಭ್ಯವಾಗಿದೆ. ಮೆಡಿಕೇರ್ ಕೂಡ 2024ರ ಜನವರಿಯಿಂದ, ರೋಗಿಯ ಮನೆ, ಊಟ, ಓಡಾಟದಂಥ ತೊಡಕುಗಳನ್ನು ಬಿಡಿಸುವ ಕೆಲಸಕ್ಕೆ ತಿಂಗಳಲ್ಲಿ ಮೊದಲ 60 ನಿಮಿಷಕ್ಕೊಂದು ದರ, ನಂತರದ ಪ್ರತಿ 30 ನಿಮಿಷಕ್ಕೊಂದು ದರ ಎಂದು ಹಣ ಕೊಡಲು ಆರಂಭಿಸಿದೆ.

ಈಗ ಅದರ ಇನ್ನೊಂದು ಮುಖವನ್ನು ನೋಡಿ. ಕಾರ್ಯಕರ್ತೆ ತಾನೇ ಬಿಲ್ ಕಳಿಸುವಂತಿಲ್ಲ. ಅವಳ ಮೇಲ್ವಿಚಾರಣೆ ವಹಿಸಿದ ಕ್ಲಿನಿಕ್, ಆಸ್ಪತ್ರೆ ಅಥವಾ ನೋಂದಾಯಿತ ಸಂಸ್ಥೆ ಕಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಆ ಬಿಲ್ಲಿಗೆ ಅರ್ಧ ಗಂಟೆಯೇ ಅಳತೆಗೋಲು. ಒಬ್ಬರೊಂದಿಗೆ ಮಾತನಾಡಿದರೆ ಒಂದು ಸಂಕೇತ ಸಂಖ್ಯೆ, ಎರಡರಿಂದ ನಾಲ್ಕು ಮಂದಿಯ ಗುಂಪಿಗೆ ಇನ್ನೊಂದು, ಐದರಿಂದ ಎಂಟು ಮಂದಿಗೆ ಮತ್ತೊಂದು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ದಾರಿಯ ಸಮಯಕ್ಕೆ ಸಾಮಾನ್ಯವಾಗಿ ಬಿಲ್ ಇರುವುದಿಲ್ಲ. ಬಾಗಿಲು ತಟ್ಟಿದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದಕ್ಕೂ ಇಲ್ಲ. ಜಗಳೂರಿನ ಕಡೆ ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ಬಿಸಿಲಲ್ಲಿ ನಡೆಯುವವರ ದಿನ ಈ ಲೆಕ್ಕದಲ್ಲಿ ಎಷ್ಟು ಅರ್ಧ ಗಂಟೆಗಳಿಗೆ ಇಳಿಯುತ್ತದೆಂದು ಊಹಿಸಬಹುದು. ಬಿಲ್ ಬರೆದು ಬದುಕುವುದಕ್ಕೆ ಗುಮಾಸ್ತರಿರುವ ದೊಡ್ಡ ಸಂಸ್ಥೆ ಬೇಕು. ಮೂಲೆಯ ಸಣ್ಣ ಸಂಸ್ಥೆಗೆ ಅದು ಹೊರಲಾಗದ ಹೊರೆ.

ಆ ದೇಶದಲ್ಲೇ ಇನ್ನೊಂದು ದಾರಿ ಹಿಡಿದವರೂ ಇದ್ದಾರೆ. ಮಿಷಿಗನ್ ರಾಜ್ಯವು ಮೆಡಿಕೇಡ್ ನಡೆಸುವ ವಿಮಾ ಸಂಸ್ಥೆಗಳೊಂದಿಗಿನ ಒಪ್ಪಂದದಲ್ಲೇ, ಸದಸ್ಯರ ಸಂಖ್ಯೆಗೆ ತಕ್ಕಂತೆ ಇಂತಿಷ್ಟು ಕಾರ್ಯಕರ್ತರನ್ನು ಇಟ್ಟುಕೊಳ್ಳಬೇಕೆಂಬ ಷರತ್ತು ಹಾಕಿತು. ನಮಗೆ ಕಲಿಯಲು ಏನಾದರೂ ಇದ್ದರೆ ಅದು ಅರ್ಧ ಗಂಟೆಯ ಬಿಲ್ಲಿನಲ್ಲಿಲ್ಲ, ಈ ಷರತ್ತಿನಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಮ್ಮ ಸೊಸೆ ಚೊಚ್ಚಲ ಹೆರಿಗೆಗೆ ತವರಿಗೆ, ಹಿರಿಯೂರಿನ ಕಡೆಗೆ ಹೋದಳು. ಏಳು ತಿಂಗಳು ಅವಳನ್ನು ನೋಡಿಕೊಂಡ ನಮ್ಮೂರಿನ ಆಶಾ ಕಾರ್ಯಕರ್ತೆಗೆ ಇದರಿಂದ ನಷ್ಟವಾಯಿತೆಂದು ಕೇಳಿ ಬೇಸರವಾಯಿತು. ಹೀಗೂ ಉಂಟೇ?
(ಮಾಯಕೊಂಡ ಹೋಬಳಿ)

ಉತ್ತರ: ಕಾಗದದ ಮೇಲೆ ನಷ್ಟವಾಗಬಾರದು. ಜನನಿ ಸುರಕ್ಷಾ ಯೋಜನೆಯಡಿ ಗ್ರಾಮೀಣ ಪ್ರದೇಶದ ಅರ್ಹ ಗರ್ಭಿಣಿಯೊಬ್ಬರ ವಿಷಯದಲ್ಲಿ ಆಶಾ ಕಾರ್ಯಕರ್ತೆಗೆ ಸಿಗುವ 600 ರೂಪಾಯಿಯನ್ನು ಎರಡು ಭಾಗ ಮಾಡಲಾಗಿದೆ: ಗರ್ಭಿಣಿಯ ತಪಾಸಣೆಗಳು ಸರಿಯಾಗಿ ನಡೆಯುವಂತೆ ನೋಡಿಕೊಂಡದ್ದಕ್ಕೆ 300, ಆಸ್ಪತ್ರೆಯಲ್ಲಿ ಹೆರಿಗೆಯಾಗುವಂತೆ ನೋಡಿಕೊಂಡದ್ದಕ್ಕೆ 300. ನಿಮ್ಮೂರಿನ ಕಾರ್ಯಕರ್ತೆಗೆ ಮೊದಲಿನದು, ತವರೂರಿನವರಿಗೆ ಎರಡನೆಯದು ಸೇರಬೇಕು. ಆದರೆ ಹಣ ಹೊರಡುವುದು ತಾಯಿ ಕಾರ್ಡಿನಲ್ಲಿರುವ ಸಹಿಯಿಂದಲ್ಲ, ತಾಯಿ ಮಕ್ಕಳ ಆರೋಗ್ಯ ಸೇವೆಗಳನ್ನು ದಾಖಲಿಸುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಇರುವ ಮಾಹಿತಿಯಿಂದ. ಒಂದು ತಾಲ್ಲೂಕಿನಲ್ಲಿ ನೋಂದಣಿಯಾದ ಗರ್ಭಿಣಿಯ ಹೆರಿಗೆ ಇನ್ನೊಂದು ಜಿಲ್ಲೆಯಲ್ಲಿ ಬೇರೆ ಸಂಖ್ಯೆಯಲ್ಲಿ ದಾಖಲಾದರೆ, ಅಥವಾ ದಾಖಲಿಸುವವರು ತಡಮಾಡಿದರೆ, ಮಾಡಿದ ಕೆಲಸ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿ ನಮ್ಮ ಸೀಮೆಯಲ್ಲಿ ಎಲ್ಲ ಜಾತಿಗಳಲ್ಲೂ ಇರುವಾಗ ಇದು ಅಪರೂಪದ ಪ್ರಕರಣವೇನೂ ಅಲ್ಲ. ಪೋರ್ಟಲ್‌ಗೆ ಜೋಡಿಸಿದ್ದರಿಂದ ಪ್ರೋತ್ಸಾಹಧನ ಕೈತಪ್ಪುತ್ತಿದೆ ಎಂಬುದು ರಾಜ್ಯದ ಆಶಾ ಕಾರ್ಯಕರ್ತೆಯರ ಹಳೆಯ ದೂರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಪೂಜಾರಿ ಈಗ ಕಂಪ್ಯೂಟರಿನೊಳಗೆ ಕುಳಿತಿದ್ದಾನೆ.

ಹೆರಿಗೆಯ ನಂತರದ ಭೇಟಿಗಳ ಹಣ ತವರೂರಿನ ಕಾರ್ಯಕರ್ತೆಗೇ ಸಲ್ಲುವುದು ನ್ಯಾಯ. ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಅವರು ಬಾಣಂತಿಯ ಮನೆಗೆ ಹೋಗಬೇಕು. ಕೈ ತೊಳೆದುಕೊಂಡು, ಮಗುವನ್ನು ಜೋಲಿಯಂಥ ತಕ್ಕಡಿಯಲ್ಲಿಟ್ಟು ತೂಗಬೇಕು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಬೇಕು. ಗಡಿಯಾರ ಹಿಡಿದು ಒಂದು ನಿಮಿಷಕ್ಕೆ ಮಗು ಎಷ್ಟು ಬಾರಿ ಉಸಿರಾಡುತ್ತದೆಂದು ಎಣಿಸಬೇಕು. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಹಚ್ಚಬೇಡಿರೆಂದು ಅಜ್ಜಿಯ ಮನಸ್ಸು ನೋಯದಂತೆ ಹೇಳಬೇಕು, ಇದೇ ಎಲ್ಲಕ್ಕಿಂತ ಕಷ್ಟದ್ದು. ಆರೂ ಭೇಟಿ ಮುಗಿದ ಮೇಲೆ ಸಿಗುವುದು 250 ರೂಪಾಯಿ. ಅದಕ್ಕೂ ಮಾರ್ಗಸೂಚಿಯಲ್ಲಿ ಷರತ್ತುಗಳಿವೆ: ಹುಟ್ಟಿದಾಗಿನ ತೂಕ ದಾಖಲಾಗಿರಬೇಕು, ಜನನ ನೋಂದಣಿಯಾಗಿರಬೇಕು, ಮೊದಲ ಲಸಿಕೆಗಳು ಆಗಿರಬೇಕು, ತಾಯಿ ಮಗು ಇಬ್ಬರೂ 42ನೇ ದಿನದವರೆಗೆ ಕ್ಷೇಮವಾಗಿರಬೇಕು. ಕೊನೆಯ ಷರತ್ತನ್ನು ಇನ್ನೊಮ್ಮೆ ಓದಿ. ಐದು ಬಾರಿ ಹೋಗಿ ಬಂದ ಮನೆಯಲ್ಲಿ ಮಗು ಉಳಿಯದೆ ಹೋದರೆ ಕಾರ್ಯಕರ್ತೆಯ ಆ ಐದು ಭೇಟಿಗಳೂ ಮಾರ್ಗಸೂಚಿಯ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ರೋಗಿ ತೀರಿಕೊಂಡರೆ ಆಸ್ಪತ್ರೆಗೆ ಏನೂ ಕೊಡುವುದಿಲ್ಲವೆಂಬ ಷರತ್ತನ್ನು ಯಾವ ಆಸ್ಪತ್ರೆಯಾದರೂ ಒಪ್ಪೀತೇ?

ಪ್ರಶ್ನೆ: ಆಶಾ ಕಾರ್ಯಕರ್ತೆಯರ ಬಗ್ಗೆ ಗೌರವವಿದೆ. ಆದರೆ ವಿಮೆಯ ಹಣ ಕಾಯಿಲೆ ಬಿದ್ದವರಿಗಾಗಿ ಇರುವಂಥದ್ದು. ಅದನ್ನು ಮನೆ ಭೇಟಿಗಳಿಗೆ ಹಂಚಿದರೆ ನಿಜವಾಗಿ ಉಳಿತಾಯವಾಗುತ್ತದೆ ಎನ್ನಲು ಆಧಾರವೇನು?
(ಹರಿಹರ)

ಉತ್ತರ: ಈ ಪ್ರಶ್ನೆಗೆ ಭಾವುಕ ಉತ್ತರ ಕೊಡುವುದು ಸುಲಭ, ಆದ್ದರಿಂದಲೇ ಕೊಡಬಾರದು. ಜೀವ ಉಳಿಯುವ ವಿಷಯದಲ್ಲಿ ನಮ್ಮ ನೆರೆರಾಜ್ಯದಲ್ಲೇ ಗಟ್ಟಿ ಆಧಾರವಿದೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ತಂಡ ಹಳ್ಳಿಯ ಮಹಿಳೆಯರಿಗೆ ತರಬೇತಿ ಕೊಟ್ಟು ನವಜಾತ ಶಿಶುಗಳನ್ನು ಮನೆಯಲ್ಲೇ ನೋಡಿಕೊಳ್ಳುವಂತೆ ಮಾಡಿತು. ಮೂರನೆಯ ವರ್ಷದ ಹೊತ್ತಿಗೆ ಆ ಹಳ್ಳಿಗಳಲ್ಲಿ ನವಜಾತ ಶಿಶು ಮರಣ ಹೋಲಿಕೆಯ ಹಳ್ಳಿಗಳಿಗಿಂತ ಶೇ 62ರಷ್ಟು ತಗ್ಗಿದ್ದನ್ನು 1999ರಲ್ಲಿ ಪ್ರಕಟಿಸಿತು. ಮೇಲೆ ಹೇಳಿದ ಆರು ಭೇಟಿಗಳ ಕಾರ್ಯಕ್ರಮದ ಬೇರು ಅಲ್ಲಿದೆ.

ಹಣದ ಉಳಿತಾಯ ಬೇರೆಯೇ ಪ್ರಶ್ನೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಸಮುದಾಯ ಕಾರ್ಯಕರ್ತರ ಕಾರ್ಯಕ್ರಮದಲ್ಲಿ ಹೂಡಿದ ಪ್ರತಿ ಡಾಲರಿಗೆ ಮೆಡಿಕೇಡ್‌ಗೆ ಅದೇ ಹಣಕಾಸು ವರ್ಷದಲ್ಲಿ 2.47 ಡಾಲರ್ ಮರಳುತ್ತದೆಂದು 2020ರಲ್ಲಿ ಲೆಕ್ಕ ಹಾಕಿದರು. ಮುಖ್ಯ ಕಾರಣ, ಆಸ್ಪತ್ರೆ ಸೇರುವುದು ಕಡಿಮೆಯಾದದ್ದು. ಆದರೆ ಅದೇ ವರ್ಷ ನ್ಯೂಜೆರ್ಸಿಯ ಕ್ಯಾಮ್ಡೆನ್ ನಗರದ ಹೆಸರುವಾಸಿ ಕಾರ್ಯಕ್ರಮವೊಂದರ ಪರೀಕ್ಷೆಯ ಫಲವೂ ಹೊರಬಂತು. ಪದೇ ಪದೇ ಆಸ್ಪತ್ರೆ ಸೇರುವ ರೋಗಿಗಳ ಬೆನ್ನಿಗೆ ನರ್ಸ್, ಸಮಾಜ ಕಾರ್ಯಕರ್ತರು, ಸಮುದಾಯ ಕಾರ್ಯಕರ್ತರು ನಿಂತರೂ ಆರು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರ ಪ್ರಮಾಣ ನೆರವು ಪಡೆದವರಲ್ಲಿ ಶೇ 62.3, ಪಡೆಯದವರಲ್ಲಿ ಶೇ 61.7. ವ್ಯತ್ಯಾಸವೇ ಇಲ್ಲ. ಕಾಯಿಲೆ ಬಲಿತು ಹೋದವರ ಬಳಿಗೆ ತಡವಾಗಿ ಹೋದರೆ ಹಣ ಉಳಿಯುವ ಖಾತರಿಯಿಲ್ಲ ಎಂದಷ್ಟೇ ಇದರಿಂದ ಹೇಳಬಹುದು.

ಇನ್ನೊಂದು ಮಾತು. ಬಿಪಿ ಇರುವವರನ್ನು ಊರಿಡೀ ಹುಡುಕಿದರೆ ಮೊದಲ ಕೆಲವು ವರ್ಷ ಔಷಧಿಯ ಖರ್ಚೂ ಆಸ್ಪತ್ರೆಯ ಖರ್ಚೂ ಏರಬಹುದು, ಏಕೆಂದರೆ ಅಲ್ಲಿಯವರೆಗೆ ಯಾರ ಲೆಕ್ಕದಲ್ಲೂ ಇಲ್ಲದ ರೋಗಿಗಳು ಒಮ್ಮೆಲೇ ಲೆಕ್ಕಕ್ಕೆ ಬರುತ್ತಾರೆ. ಅದನ್ನು ಸೋಲೆಂದು ಬಗೆಯಬಾರದು. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲಿ ಕೂರುವ ಹೆಣ್ಣುಮಗಳ ನಷ್ಟ ಯಾವ ಟ್ರಸ್ಟಿನ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲವಲ್ಲ.

ಪ್ರಶ್ನೆ: ಊರಿಗೆಲ್ಲ ವಿಮೆ ಮಾಡಿಸುವ ಆಶಾ ಕಾರ್ಯಕರ್ತೆಗೇ ವಿಮೆ ಇದೆಯೇ?
(ಹೊನ್ನಾಳಿ)

ಉತ್ತರ: ಇದೆ. 2024ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಆಶಾ ಕಾರ್ಯಕರ್ತೆಯರನ್ನೂ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರನ್ನೂ 5 ಲಕ್ಷದ ಯೋಜನೆಯೊಳಗೆ ತರಲಾಯಿತು. ಅದಕ್ಕೂ ಮೊದಲು, 2018ರಿಂದ, ಅರ್ಹ ವಯಸ್ಸಿನವರಿಗೆ ತಲಾ 2 ಲಕ್ಷ ರೂಪಾಯಿಯ ಜೀವ ವಿಮೆ ಮತ್ತು ಅಪಘಾತ ವಿಮೆಯ ಕಂತನ್ನು ಸರ್ಕಾರ ಕಟ್ಟುತ್ತಿದೆ. ಗಿರಣಿ ಕಾರ್ಮಿಕರಿಗೆ ಇರುವ ಇಎಸ್‌ಐ ಸೌಲಭ್ಯ ಮಾತ್ರ ಇಲ್ಲ, ಏಕೆಂದರೆ ಅದಕ್ಕೆ ನೌಕರರಾಗಿರಬೇಕು. ಇವರನ್ನು ಸರ್ಕಾರ ಇಂದಿಗೂ ಸ್ವಯಂಸೇವಕರೆಂದೇ ಕರೆಯುತ್ತದೆ. ಇಂಥ ಯೋಜನೆಗಳ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಪರಿಗಣಿಸಬೇಕೆಂದು 2013ರ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯ. ಹಾಗಾದರೆ ವಿಮೆಯ ಹಣದಿಂದ ಆಶಾ ಕಾರ್ಯಕರ್ತೆಯರಿಗೆ ಕೊಡಬೇಕೆಂದು ನೀವು ಹೇಳುತ್ತೀರೋ, ಬೇಡವೆನ್ನುತ್ತೀರೋ? ನಮ್ಮ ಮಟ್ಟದಲ್ಲಿ ಮಾಡಬಹುದಾದದ್ದು ಏನಾದರೂ ಇದೆಯೇ?
(ಚನ್ನಗಿರಿ ತಾಲ್ಲೂಕು)

ಉತ್ತರ: ಕೊಡಬೇಕು, ಆದರೆ ಬಿಲ್ಲಿನ ಮೂಲಕ ಅಲ್ಲ. ಪ್ರತಿ ಭೇಟಿಗೂ ಕ್ಲೇಮ್ ಸಲ್ಲಿಸುವ ಅಮೆರಿಕದ ಮಾದರಿಯನ್ನು ಇಲ್ಲಿಗೆ ತಂದರೆ ಈಗಿರುವ ಪ್ರೋತ್ಸಾಹಧನದ ಪಟ್ಟಿಯೇ ಇನ್ನಷ್ಟು ಉದ್ದವಾಗುತ್ತದೆ, ಮಾಯಕೊಂಡದ ಪತ್ರದಲ್ಲಿ ಕಂಡ ತಾಪತ್ರಯ ಇಮ್ಮಡಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಮಾರ್ಗಸೂಚಿಯೂ ಸಮುದಾಯ ಕಾರ್ಯಕರ್ತರ ಆದಾಯ ಪೂರ್ತಿಯಾಗಿಯೋ ಬಹುಪಾಲೋ ಕೆಲಸವಾರು ಪ್ರೋತ್ಸಾಹಧನವನ್ನು ಅವಲಂಬಿಸಬಾರದೆಂದು ಹೇಳುತ್ತದೆ. ಬ್ರೆಜಿಲ್ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿದೆ: ಅಲ್ಲಿ ತೆರಿಗೆ ಹಣದಿಂದ ನಡೆಯುವ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಸಮುದಾಯ ಕಾರ್ಯಕರ್ತರಿಗೆ ಕನಿಷ್ಠ ವೇತನದ ಎರಡರಷ್ಟಕ್ಕಿಂತ ಕಡಿಮೆ ಸಂಬಳ ಇರಕೂಡದೆಂದು 2022ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದರು.

ನಮ್ಮಲ್ಲಿ ಲೆಕ್ಕ ಹೀಗೆ ಹಾಕಬಹುದು. ಒಬ್ಬ ಆಶಾ ಕಾರ್ಯಕರ್ತೆಗೆ ಹಳ್ಳಿಗಾಡಿನಲ್ಲಿ ಸುಮಾರು 1,000 ಜನ. ತಲೆಗೆ ತಿಂಗಳಿಗೆ 10 ರೂಪಾಯಿ ಎತ್ತಿಟ್ಟರೆ 10,000 ರೂಪಾಯಿಯಾಗುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ಕುಳಿತ ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ಭರವಸೆ ಕೊಟ್ಟ ಮಾಸಿಕ ಕನಿಷ್ಠ ಮೊತ್ತವೂ ಅದೇ. ರಾಜ್ಯದಲ್ಲಿರುವ ಸುಮಾರು 42,000 ಕಾರ್ಯಕರ್ತೆಯರಿಗೆ ವರ್ಷಕ್ಕೆ 504 ಕೋಟಿ ರೂಪಾಯಿ ಬೇಕು. ಅದರಲ್ಲಿ ಬಹುಪಾಲನ್ನು ಈಗಾಗಲೇ ಎರಡು ಸರ್ಕಾರಗಳು ಬೇರೆ ಬೇರೆ ಹೆಸರಿನಲ್ಲಿ ಕೊಡುತ್ತಿವೆ. ಉಳಿದದ್ದನ್ನು, ಮತ್ತು ಮುಂದಿನ ಏರಿಕೆಯನ್ನು, ಟ್ರಸ್ಟಿನ ನಿಧಿಯಲ್ಲಿ ಜನಸಂಖ್ಯೆಯ ಲೆಕ್ಕದ ಮೇಲೆ ಮೀಸಲಿಡಿ ಎಂದು ಕೇಳುವುದು ಅತಿಯಾಸೆಯಲ್ಲ. ಖಾಸಗಿ ವಿಮಾ ಕಂಪನಿಯೊಂದಿಗೆ ಚೌಕಾಸಿ ಮಾಡುವ ಅಗತ್ಯ ನಮ್ಮ ರಾಜ್ಯಕ್ಕಿಲ್ಲ, ಟ್ರಸ್ಟ್ ಸರ್ಕಾರದ್ದೇ. ಕೇಂದ್ರದ ಪಾಲಿನ ಹಣವನ್ನು ಈ ರೀತಿ ಬಳಸಲು ಮಾತ್ರ ಕೇಂದ್ರದ ಒಪ್ಪಿಗೆ ಬೇಕು.

ಇದರಲ್ಲಿ ಎರಡು ಅಪಾಯಗಳಿವೆ. ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಕಾರ್ಡಿನ ಬಣ್ಣ ಕೇಳುವುದಿಲ್ಲ, ಗುಳೆ ಬಂದವರ ಮಗುವಿಗೂ ಪೋಲಿಯೊ ಹನಿ ಹಾಕಿಸುತ್ತಾಳೆ. ವಿಮೆಯ ಹಣ ಬಂತೆಂದು ಅವಳ ಕೆಲಸ ಕಾರ್ಡ್ ಇರುವವರಿಗಷ್ಟೇ ಕುಗ್ಗಬಾರದು. ಎರಡನೆಯದು ಇನ್ನೂ ಗಂಭೀರವಾದದ್ದು. ಆಸ್ಪತ್ರೆಗೆ ಸೇರಿಸಿದ ರೋಗಿಗಳ ಸಂಖ್ಯೆಗೂ ಅವಳ ಆದಾಯಕ್ಕೂ ಎಲ್ಲಿಯೂ ಗಂಟು ಬೀಳಬಾರದು. ರೋಗಿಯನ್ನು ಕಳಿಸಿದವರಿಗೆ ಖಾಸಗಿ ಆಸ್ಪತ್ರೆಗಳು ಕಮಿಷನ್ ಕೊಡುವ ಪಿಡುಗು ಇರುವ ಕಡೆ, ಸರ್ಕಾರವೇ ಅಂಥ ಲೆಕ್ಕವನ್ನು ಅಧಿಕೃತಗೊಳಿಸಿದರೆ ಊರಿನವರು ಅವಳ ಮಾತನ್ನು ನಂಬುವುದನ್ನು ಬಿಡುತ್ತಾರೆ, ನಂಬಿಕೆ ಹೋದ ಮೇಲೆ ಅವಳ ಕೆಲಸದಲ್ಲಿ ಉಳಿಯುವುದು ನಮೂನೆ ತುಂಬುವುದೊಂದೇ.

ಪಂಚಾಯಿತಿ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯಿದೆ. ಆಶಾ ಕಾರ್ಯಕರ್ತೆಯೇ ಅದರ ಸದಸ್ಯ ಕಾರ್ಯದರ್ಶಿ. ಅದಕ್ಕೆ ಬರುವ ವಾರ್ಷಿಕ 10,000 ರೂಪಾಯಿಯ ಮುಕ್ತ ನಿಧಿಯನ್ನು ಅವಳ ಸಂಭಾವನೆಗೆ ಬಳಸುವಂತಿಲ್ಲ, ಬಳಸಲು ಹೋಗಬೇಡಿ. ಆದರೆ ಪ್ರತಿ ತಿಂಗಳ ಸಭೆಯಲ್ಲಿ ಅವಳ ಡೈರಿಯನ್ನೂ ಪೋರ್ಟಲ್‌ನಲ್ಲಿ ಅನುಮೋದನೆಯಾದ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮಾಡಿಯೂ ದಾಖಲಾಗದ ಕೆಲಸಗಳನ್ನು, ತವರಿಗೆ ಹೋದವರ ಪ್ರಕರಣಗಳನ್ನು ಪ್ರತ್ಯೇಕವಾಗಿ ಗುರುತಿಸಿ, ನಡಾವಳಿಯಲ್ಲಿ ಬರೆದು, ಪಿಎಚ್‌ಸಿ ವೈದ್ಯಾಧಿಕಾರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಪ್ರತಿ ಕಳಿಸಿ ಸ್ವೀಕೃತಿ ಪಡೆದುಕೊಳ್ಳಿ. ಕಾರ್ಯಕರ್ತೆಯೊಬ್ಬಳೇ ಹೋಗಿ ಕೇಳಿದರೆ ಮುಂದಿನ ತಿಂಗಳು ನೋಡೋಣ ಎನ್ನುವ ಕಚೇರಿ, ಪಂಚಾಯಿತಿಯ ನಡಾವಳಿಗೆ ಲಿಖಿತ ಉತ್ತರ ಕೊಡಬೇಕಾಗುತ್ತದೆ.